ವಾಕ್ ಮುಗಿದ ಮೇಲೆ ಐದು ನಿಮಿಷ: ನಾಯಿ ಮತ್ತು ಊಬಿನ ಹುಲ್ಲು

ಮಳೆ ನಿಂತಿತು ಅಂತ ರೇನ್‌ಕೋಟ್ ಮಡಚಿಟ್ಟು, ನಾಯಿಯನ್ನು ಮತ್ತೆ ದೂರದ ವಾಕ್‌ಗೆ ಕರ್ಕೊಂಡು ಹೋಗೋಕೆ ಶುರು ಮಾಡಿರುವವರೆಲ್ಲ ಈ ಸಲದ ಅಂಕಣವನ್ನು ದಯವಿಟ್ಟು ಪೂರ್ತಿ ಓದಿ. ಉಣ್ಣಿ, ಚಿಗಟ, ಪಾರ್ವೊ, ರೇಬಿಸ್ ಬಗ್ಗೆ ಇಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಈ ಸಲದ ವಿಷಯಕ್ಕೆ ಲಸಿಕೆಯೂ ಇಲ್ಲ, ಮಾತ್ರೆಯೂ ಇಲ್ಲ. ಅದು ಹುಲ್ಲಿನ ಬೀಜ. ನಗಬೇಡಿ. ಅಕ್ಕಿಕಾಳಿಗಿಂತ ತುಸು ಉದ್ದದ ಒಂದು ಒಣ ಬೀಜ ನಾಯಿಯ ಬೆರಳಸಂದಿಯಲ್ಲಿ ಹೊಕ್ಕು ಎರಡು ತಿಂಗಳು ಕಾಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ಕೆಳಗಿನ ಫ್ಲ್ಯಾಟಿನ ಹುಡುಗನ ಹತ್ತಿರ ಸಿಂಬಾ ಅಂತ ಒಂದು ಗೋಲ್ಡನ್ ರಿಟ್ರೀವರ್ ಇದೆ. ಕಳೆದ ವರ್ಷ ನವೆಂಬರ್‌ನಲ್ಲಿ ಅದರ ಮುಂಗಾಲಿನ ಎರಡು ಬೆರಳ ನಡುವೆ ಒಂದು ಗುಳ್ಳೆ ಎದ್ದಿತು. ಕೆಂಪಗೆ, ದ್ರಾಕ್ಷಿ ಹಣ್ಣಿನಷ್ಟು. ನಾಯಿ ಹಗಲೂ ರಾತ್ರಿ ಅದನ್ನೇ ನೆಕ್ಕೋದು. ಹತ್ತಿರದ ಕ್ಲಿನಿಕ್‌ನಲ್ಲಿ ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟರು. ಒಂದು ವಾರದಲ್ಲಿ ಗುಳ್ಳೆ ಒಡೆದು, ಕೀವು ಸೋರಿ, ಒಣಗಿತು. ಎಲ್ಲರಿಗೂ ಸಮಾಧಾನ. ಮಾತ್ರೆ ಮುಗಿದ ಹತ್ತು ದಿನಕ್ಕೆ ಅದೇ ಜಾಗದಿಂದ ತುಸು ಮೇಲೆ ಮತ್ತೊಂದು ಗುಳ್ಳೆ. ಮತ್ತೆ ಮಾತ್ರೆ, ಮತ್ತೆ ವಾಸಿ, ಮತ್ತೆ ಗುಳ್ಳೆ. ಮೂರನೇ ಸಲಕ್ಕೆ ಆ ಹುಡುಗ ನನ್ನ ಮನೆ ಬಾಗಿಲಿಗೆ ಬಂದು, "ಅಕ್ಕ, ಇದು ಕ್ಯಾನ್ಸರ್ ಇರಬಹುದಾ?" ಅಂತ ಕೇಳಿದಾಗ ಅವನ ಕಣ್ಣು ತುಂಬಿತ್ತು.

ಇಬ್ಬರೂ ಸೇರಿ ಬೇರೊಬ್ಬ ಡಾಕ್ಟರ ಹತ್ತಿರ ಕರ್ಕೊಂಡು ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ, "ಎಲ್ಲಿ ವಾಕ್ ಮಾಡಿಸ್ತೀರಿ? ಖಾಲಿ ಸೈಟಿನಲ್ಲಿ ಬಿಡ್ತೀರಾ?" ಸಿಂಬಾಗೆ ಮಂಪರು ಕೊಟ್ಟು, ಗಾಯದ ದಾರಿ ಹಿಡಿದು ಒಳಗೆ ಹುಡುಕಿದಾಗ ಸಿಕ್ಕಿದ್ದು ಕಂದು ಬಣ್ಣದ ಒಂದು ಮುಳ್ಳಿನಂಥ ಬೀಜ. ಅದನ್ನು ತೆಗೆದ ಮೇಲೆ ಗಾಯ ಹದಿನೈದೇ ದಿನಕ್ಕೆ ಮಾಯಿತು, ಮತ್ತೆ ಬರಲಿಲ್ಲ. ಮೊದಲಿನ ಔಷಧಿ ತಪ್ಪು ಅಂತಲ್ಲ. ಅದು ಸೋಂಕನ್ನು ಇಳಿಸುತ್ತಿತ್ತು, ಆದರೆ ಸೋಂಕಿನ ಮೂಲ ಒಳಗೇ ಕೂತಿತ್ತು.

ಈ ಬೀಜ ಒಳಕ್ಕೇ ಯಾಕೆ ಹೋಗುತ್ತೆ?

ಭತ್ತ, ಗೋಧಿ ಬಡಿಯೋ ಕಣದಲ್ಲಿ ಓಡಾಡಿದವರಿಗೆ ಊಬು ಅಂದರೆ ಏನು ಅಂತ ಹೇಳಬೇಕಿಲ್ಲ. ತೆನೆಯ ಕಾಳಿನ ತುದಿಗೆ ಇರುವ ಒರಟು ಕೂದಲು. ಅಂಗಿಯೊಳಗೆ ಒಂದು ಸಿಕ್ಕಿಕೊಂಡರೆ ಸಾಕು, ಇಡೀ ದಿನ ಚುಚ್ಚುತ್ತಾ ಮೇಲೇರುತ್ತೆ, ಕೊಡವಿದರೂ ಕೆಳಗಿಳಿಯಲ್ಲ. ಅದರಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಒಂದೇ ದಿಕ್ಕಿಗೆ ಬಾಗಿರುತ್ತವೆ. ಮೀನಿನ ಗಾಳದ ಹಾಗೆ, ಒಂದು ಕಡೆಗೆ ಜಾರುತ್ತೆ, ವಾಪಸ್ ಬರಲ್ಲ. ನಾಯಿ ಹೆಜ್ಜೆ ಇಟ್ಟಾಗ, ತಲೆ ಕೊಡವಿದಾಗ, ಉಸಿರೆಳೆದಾಗ ಸ್ನಾಯು ಅಲುಗುತ್ತಲ್ಲ, ಆ ಒಂದೊಂದು ಅಲುಗಾಟವೂ ಬೀಜವನ್ನು ಒಂದು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತೆ.

ಕೆಲವು ಹುಲ್ಲುಗಳಲ್ಲಿ ಇನ್ನೂ ಒಂದು ತಂತ್ರ ಇದೆ. ಊಬು ಹುರಿಹಗ್ಗದ ಹಾಗೆ ತಿರುಚಿಕೊಂಡಿರುತ್ತೆ. ತೇವ ತಾಗಿದರೆ ಹುರಿ ಬಿಚ್ಚಿಕೊಳ್ಳುತ್ತೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತೆ. ರಾತ್ರಿ ಇಬ್ಬನಿ, ಹಗಲು ಬಿಸಿಲು ಅಂತ ಹೀಗೆ ಸುತ್ತಿ ಬಿಚ್ಚಿ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಂಡು ಇಳಿಯುತ್ತೆ. ಚಾರ್ಲ್ಸ್ ಡಾರ್ವಿನ್ ಅವರ ಮಗ ಫ್ರಾನ್ಸಿಸ್ ಡಾರ್ವಿನ್ 1876ರಲ್ಲೇ ಇಂಥ ಬೀಜಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ದರು. ಹುಲ್ಲಿನ ಕಡೆಯಿಂದ ನೋಡಿದರೆ ಇದೊಂದು ಅದ್ಭುತ. ಮಳೆ ಕಡಿಮೆ ಇರುವ ಜಾಗದಲ್ಲಿ ಬದುಕಿ ಉಳಿಯೋಕೆ ಅದು ಕಂಡುಕೊಂಡ ದಾರಿ. ತೊಂದರೆ ಏನಂದರೆ, ಮಣ್ಣಿಗೆ ಇಳಿಯೋಕೆ ಅಂತ ಇರುವ ಆ ಸಾಮರ್ಥ್ಯ ನಾಯಿಯ ಚರ್ಮದ ಮೇಲೂ ಕೆಲಸ ಮಾಡುತ್ತೆ.

ಒಳಗೆ ಹೋದ ಬೀಜ ಕರಗಲ್ಲ. ನಾಯಿಯ ದೇಹಕ್ಕೆ ಅದನ್ನು ಜೀರ್ಣಿಸಿಕೊಳ್ಳೋ ಶಕ್ತಿ ಇಲ್ಲ. ಜೊತೆಗೆ ಮಣ್ಣು, ಬಾಯಿಯ ಬ್ಯಾಕ್ಟೀರಿಯಾಗಳನ್ನೂ ಅದು ಹೊತ್ತುಕೊಂಡು ಹೋಗಿರುತ್ತೆ. ಹಾಗಾಗಿ ಅದು ಹೋದ ದಾರಿಯುದ್ದಕ್ಕೂ ಕೀವು. ಬೆರಳಸಂದಿಯಲ್ಲಿ ಸಿಕ್ಕಿಬಿದ್ದರೆ ಪರವಾಗಿಲ್ಲ, ಗುಳ್ಳೆ ಎದ್ದು ಗೊತ್ತಾಗುತ್ತೆ. ಮೂಗಿನಿಂದಲೋ ಬಾಯಿಯಿಂದಲೋ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ, ಅಲ್ಲಿಂದ ಎದೆಗೂಡಿನಲ್ಲಿ ಕೀವು ತುಂಬಬಹುದು. ವಪೆಯನ್ನು ದಾಟಿ ಬೆನ್ನುಮೂಳೆಯ ಹತ್ತಿರ ಹೋಗಿ ಅಲ್ಲಿ ಸೋಂಕು ಮಾಡಿದ ಪ್ರಕರಣಗಳು ಪಶುವೈದ್ಯಕೀಯ ಪುಸ್ತಕಗಳಲ್ಲೇ ಇವೆ. ಇವು ಅಪರೂಪ, ಆದರೆ ಪ್ರಾಣಕ್ಕೇ ಕುತ್ತು.

ಇನ್ನೊಂದು ಕಷ್ಟ: ಮಾಮೂಲಿ ಎಕ್ಸ್-ರೇಯಲ್ಲಿ ಈ ಬೀಜ ಕಾಣೋದಿಲ್ಲ. ಸೂಜಿ, ಮೂಳೆ, ಕಲ್ಲು ಕಂಡ ಹಾಗೆ ಒಣಹುಲ್ಲು ಕಾಣಲ್ಲ. ಅಲ್ಟ್ರಾಸೌಂಡ್, ಕೆಲವೊಮ್ಮೆ ಸಿಟಿ ಸ್ಕ್ಯಾನ್ ಬೇಕಾಗುತ್ತೆ. ಹಾಗಾಗಿ "ಎಕ್ಸ್-ರೇ ಕ್ಲಿಯರ್ ಇದೆ" ಅನ್ನೋ ಒಂದೇ ಮಾತಿಗೆ ಹುಲ್ಲಿನ ಬೀಜ ಇಲ್ಲ ಅಂತ ತೀರ್ಮಾನ ಮಾಡೋಕೆ ಆಗಲ್ಲ.

ನಮ್ಮ ಕಡೆ ಯಾವ ಹುಲ್ಲು?

ಸಿಂಬಾ ಕಾಲಿಂದ ತೆಗೆದ ಬೀಜದ ಫೋಟೊವನ್ನೂ, ಪಕ್ಕದ ಸೈಟಿನ ಹುಲ್ಲಿನ ಫೋಟೊವನ್ನೂ ಅಮ್ಮನಿಗೆ ವಾಟ್ಸಾಪ್ ಮಾಡಿದ್ದೆ. ತುಮಕೂರು ಕಡೆ ಹಳ್ಳಿಯಲ್ಲಿ ಬೆಳೆದವರು. ತಕ್ಷಣ ಫೋನ್ ಬಂತು. "ಅಯ್ಯೋ, ಇದು ಊಬಿನ ಹುಲ್ಲು ಕಣೇ! ಗುಡ್ಡದ ತುಂಬ ಇದೇ ಇರ್ತಿತ್ತು. ಎಳೇದಿದ್ದಾಗ ದನ ಚೆನ್ನಾಗಿ ಮೇಯ್ತವೆ. ಊಬು ಬಿಟ್ಟ ಮೇಲೆ ಕುರಿಯೋರು ಆ ಕಡೆ ತಲೆನೂ ಹಾಕ್ತಿರ್ಲಿಲ್ಲ. ಉಣ್ಣೆ ಒಳಗೆ ಸೇರ್ಕೊಂಡ್ರೆ ಚರ್ಮನೇ ತೂತು." ಎಷ್ಟು ಸರಿ ನೋಡಿ. ಇದರ ಸಸ್ಯಶಾಸ್ತ್ರೀಯ ಹೆಸರು ಹೆಟೆರೊಪೋಗನ್ ಕಂಟಾರ್ಟಸ್. ಕುರಿಗಳ ಚರ್ಮ, ಉಣ್ಣೆ ಹಾಳು ಮಾಡುತ್ತೆ ಅಂತ ಆಸ್ಟ್ರೇಲಿಯಾದ ಕುರಿ ಸಾಕಣೆಗಾರರಿಗೂ ಇದು ಗೊತ್ತಿರುವ ಹುಲ್ಲು. ನಮ್ಮ ಅಜ್ಜಂದಿರು ಕುರಿಯ ವಿಷಯದಲ್ಲಿ ತಿಳ್ಕೊಂಡಿದ್ದನ್ನೇ ನಾವೀಗ ನಾಯಿಯ ವಿಷಯದಲ್ಲಿ ಕಲೀತಿದ್ದೇವೆ.

ಗುರುತು ಹಿಡಿಯೋದು ಕಷ್ಟವಲ್ಲ. ಊಬಿನ ಹುಲ್ಲಿನ ತೆನೆ ಬಲಿತಾಗ ಕಪ್ಪು-ಕಂದು ಊಬುಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಬಿಡಿಸದ ಜಡೆಯ ಹಾಗೆ ಕಾಣುತ್ತೆ. ಬೀಜದ ಬುಡ ಸೂಜಿಯಷ್ಟು ಚೂಪು, ಮೇಲೆ ಕಂದು ರೋಮ. ಪೊರಕೆಗೆ ಬಳಸುವ ಹಂಚಿಕಡ್ಡಿ ಹುಲ್ಲಿನ ಬೀಜಕ್ಕೆ ಮೂರು ಊಬು, ಮೂರು ದಿಕ್ಕಿಗೆ ಚಾಚಿರುತ್ತವೆ. ಇನ್ನೊಂದು ನೆಲಕ್ಕಂಟಿ ಲಾನ್ ತರಹ ಬೆಳೆಯೋದು. ಆಟದ ಮೈದಾನದಲ್ಲಿ ಕೂತು ಎದ್ದರೆ ಪ್ಯಾಂಟಿಗೆ, ಸೀರೆಯ ಅಂಚಿಗೆ ಸಾಲಾಗಿ ಚುಚ್ಚಿಕೊಂಡು ಬರುತ್ತಲ್ಲ, ಅದು. ನಿಮ್ಮ ಸಾಕ್ಸ್‌ಗೆ ಚುಚ್ಚಿದ್ದು ನಾಯಿಯ ಕಾಲಿಗೂ ಚುಚ್ಚಿದೆ ಅಂತಲೇ ಲೆಕ್ಕ. ಇವಿಷ್ಟಲ್ಲದೆ ನವಣೆಯ ತೆನೆಯಂಥ, ಮುಟ್ಟಿದರೆ ಬಟ್ಟೆಗೆ ಅಂಟಿಕೊಳ್ಳೋ ಒರಟು ತೆನೆಯ ಕಳೆಹುಲ್ಲೂ ಇದೆ. ಉತ್ತರಾಣಿ, ನೆಗ್ಗಿಲು ಮುಳ್ಳು ಹುಲ್ಲಿನ ಜಾತಿಯಲ್ಲ, ಆದರೆ ಚುಚ್ಚುವ, ಅಂಟುವ ಕೆಲಸ ಅವೂ ಮಾಡುತ್ತವೆ.

ಹೆದರಿ ಎಲ್ಲ ಹುಲ್ಲನ್ನೂ ದೂರ ಇಡಬೇಕಿಲ್ಲ. ಹೊಟ್ಟೆ ಕೆಟ್ಟಾಗ ನಾಯಿಗಳು ಹುಡುಕಿ ತಿನ್ನೋ ಗರಿಕೆಗೆ ಊಬು ಇಲ್ಲ. ಅದರಲ್ಲಿ ಅವು ಆರಾಮಾಗಿ ಹೊರಳಾಡಲಿ.

ಯಾವ ತಿಂಗಳು ಹುಷಾರಾಗಿರಬೇಕು?

ಇಲ್ಲೊಂದು ಗೊಂದಲ ಆಗ್ತಿದೆ. ಇಂಟರ್‌ನೆಟ್‌ನಲ್ಲಿ ಈ ವಿಷಯದ ವೀಡಿಯೊಗಳು ಬಹುಪಾಲು ಕ್ಯಾಲಿಫೋರ್ನಿಯಾದವು. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ. ಹುಲ್ಲು ವಸಂತದಲ್ಲಿ ತೆನೆ ಬಿಟ್ಟು ಮೇ ಹೊತ್ತಿಗೆ ಒಣಗುತ್ತೆ. ಆದ್ದರಿಂದ ಅವರು "ಬೇಸಿಗೆಯಲ್ಲಿ ಎಚ್ಚರ" ಅಂತಾರೆ. ಅಲ್ಲಿ ಕಾಡೋದು ಫಾಕ್ಸ್‌ಟೇಲ್ ಅನ್ನೋ, ಬಾರ್ಲಿ ಜಾತಿಯ ಕಾಡುಹುಲ್ಲು. ಫ್ರೀಮಾಂಟ್, ಸನ್ನಿವೇಲ್ ಕಡೆ ನಾಯಿ ಸಾಕಿಕೊಂಡಿರುವ ಕನ್ನಡಿಗ ಓದುಗರಿಗೆ ಆ ಲೆಕ್ಕ ಸರಿ. ಇಂಗ್ಲೆಂಡಿನಲ್ಲಿರುವವರಿಗೆ ಜೂನ್‌ನಿಂದ ಸೆಪ್ಟೆಂಬರ್. ಮೆಲ್ಬರ್ನ್ ಕಡೆಯವರಿಗೆ ವರ್ಷದ ಕೊನೆಯ ತಿಂಗಳುಗಳು.

ನಮ್ಮ ಬೆಂಗಳೂರು, ಮೈಸೂರು, ತುಮಕೂರು, ಹುಬ್ಬಳ್ಳಿ ಕಡೆ ಲೆಕ್ಕ ಬೇರೆ. ಜೂನ್‌ನಿಂದ ಮಳೆ, ಹುಲ್ಲು ಎದೆಮಟ್ಟ ಬೆಳೆಯುತ್ತೆ, ಮಳೆಗಾಲದ ಕೊನೆಗೆ ತೆನೆ ಬಿಡುತ್ತೆ. ಅಕ್ಟೋಬರ್‌ನಿಂದ ಜನವರಿವರೆಗೆ ಆ ತೆನೆ ಒಣಗಿ, ಮುಟ್ಟಿದರೆ ಉದುರೋ ಸ್ಥಿತಿಯಲ್ಲಿರುತ್ತೆ. ಹಸಿರಾಗಿದ್ದಾಗ ಮೆತ್ತಗಿರುವ ಅದೇ ತೆನೆ ಹೊಂಬಣ್ಣಕ್ಕೆ ತಿರುಗಿದ ಮೇಲೆ ಅಪಾಯ. ಉದುರಿದ ಬೀಜ ನೆಲದ ಮೇಲೆ ಬೇಸಿಗೆವರೆಗೂ ಬಿದ್ದಿರಬಹುದು. ದಸರಾ ರಜೆಗೆ ನಾಯಿ ಕರ್ಕೊಂಡು ಊರಿಗೆ ಹೋಗುವವರು, ಕ್ರಿಸ್‌ಮಸ್ ರಜೆಗೆ ನಾಯಿ ಬಿಟ್ಕೊಳ್ಳೋ ಹೋಮ್‌ಸ್ಟೇ ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಿ. ಫೋಟೊಗೆ ಚೆನ್ನಾಗಿ ಕಾಣುವ ಹೊಂಬಣ್ಣದ ಹುಲ್ಲಿನ ಗುಡ್ಡ ನಾಯಿಗೆ ಒಳ್ಳೆಯದಲ್ಲ.

ಯಾವ ನಾಯಿಗೆ ಹೆಚ್ಚು?

ಉದ್ದ ಕೂದಲು, ಜೋಲುಕಿವಿ, ಬೆರಳ ನಡುವೆ ಕುಚ್ಚು ಇರುವವಕ್ಕೆ ಜಾಸ್ತಿ. ಗೋಲ್ಡನ್, ಕಾಕರ್ ಸ್ಪೇನಿಯಲ್, ಶಿಟ್ಸು, ಲಾಸಾ ಇಂಥವು. "ನಮ್ಮದು ಇಂಡಿ, ಮೈಮೇಲೆ ಕೂದಲೇ ಇಲ್ಲ" ಅಂತ ನಿರಾಳ ಆಗಬೇಡಿ. ನನ್ನ ಮನೆಯ ಚಿನ್ನಿ ಅಪ್ಪಟ ಇಂಡಿ. ಅವಳ ಕೂದಲಿಗೆ ಏನೂ ಅಂಟಲ್ಲ ನಿಜ, ಆದರೆ ಇಲಿ ಬಿಲ ಕಂಡಲ್ಲೆಲ್ಲ ಮೂಗು ತೂರಿಸ್ತಾಳೆ. ಹೋದ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಕೆರೆ ಏರಿ ಮೇಲೆ ನಡೀತಿದ್ದಾಗ ಇದ್ದಕ್ಕಿದ್ದ ಹಾಗೆ ಸೀನೋಕೆ ಶುರು ಮಾಡಿದಳು. ಒಂದಾದ ಮೇಲೊಂದು, ಇಪ್ಪತ್ತು ಮೂವತ್ತು ಸೀನು, ಮೂಗನ್ನು ನೆಲಕ್ಕೆ ಉಜ್ಜೋದು. ಎಡ ಹೊಳ್ಳೆಯಲ್ಲಿ ಒಂದು ಹನಿ ರಕ್ತ. ಸಿಂಬಾನ ಪಾಡು ನೋಡಿದ್ದರಿಂದ ಅಲ್ಲಿಂದಲೇ ಆಟೊ ಹಿಡಿದು ವೆಟ್ ಹತ್ತಿರ ಹೋದೆ. ಮಂಪರು ಕೊಟ್ಟು ಸಣ್ಣ ಕ್ಯಾಮೆರಾ ಹಾಕಿ ಮೂಗಿನೊಳಗಿಂದ ಬೀಜ ತೆಗೆದರು. ರಾತ್ರಿ ಎಂಟಕ್ಕೆ ಮನೆಗೆ ಬಂದು ಮೊಸರನ್ನ ತಿಂದು ಮಲಗಿದಳು.

ಡಾಕ್ಟರು ಹೇಳಿದ ಒಂದು ಮಾತು ಉಪಯೋಗಕ್ಕೆ ಬರುತ್ತೆ. ಮೂಗಿಗೆ ಬೀಜ ಹೊಕ್ಕಾಗ ಮೊದಲ ದಿನ ಜೋರು ಸೀನು. ಎರಡು ಮೂರು ದಿನದಲ್ಲಿ ಸೀನು ಕಡಿಮೆ ಆಗುತ್ತೆ. ಮನೆಯವರು ವಾಸಿಯಾಯ್ತು ಅಂದ್ಕೊಳ್ತಾರೆ. ಆದರೆ ಬೀಜ ಇನ್ನೂ ಒಳಗೆ ಸರಿದಿರಬಹುದು.

ಈ ಲಕ್ಷಣ ಕಂಡರೆ ಬೀಜದ ಅನುಮಾನ ಇರಲಿ

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಿ.

ಕಾಲು: ಒಂದೇ ಪಾದವನ್ನು ಬಿಡದೆ ನೆಕ್ಕೋದು, ಕುಂಟೋದು, ಬೆರಳ ನಡುವೆ ಊತ, ಸೂಜಿಮೊನೆಯಷ್ಟು ತೂತಿನಿಂದ ನೀರು ಅಥವಾ ಕೀವು.

ಕಿವಿ: ವಾಕ್‌ನಿಂದ ಬಂದ ಕೂಡಲೇ ತಲೆ ಜೋರಾಗಿ ಕೊಡವೋದು, ತಲೆಯನ್ನು ಒಂದು ಕಡೆಗೆ ಓರೆ ಮಾಡಿ ಹಿಡಿಯೋದು, ಕಿವಿ ಮುಟ್ಟಿದರೆ ಅಳೋದು. ನಾಯಿಯ ಕಿವಿನಾಳ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಾಗಿರುತ್ತೆ. ತಿರುವು ದಾಟಿದ ಬೀಜ ಹೊರಗಿನಿಂದ ಕಾಣಲ್ಲ, ಕಿವಿತಮಟೆಯನ್ನೂ ತೂತು ಮಾಡಬಹುದು.

ಕಣ್ಣು: ಒಂದು ಕಣ್ಣನ್ನು ಮಾತ್ರ ಕಿರಿದು ಮಾಡೋದು ಅಥವಾ ಮುಚ್ಚೋದು, ನೀರು, ಪಿಸುರು, ಪಂಜದಿಂದ ಉಜ್ಜೋದು. ನಾಯಿಗೆ ಒಳಗೊಂದು ಮೂರನೇ ರೆಪ್ಪೆ ಇರುತ್ತೆ. ಬೀಜ ಅದರ ಹಿಂದೆ ಅವಿತುಕೊಂಡು ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣು ಮಾಡುತ್ತೆ.

ಮೂಗು: ಒಮ್ಮೆಲೇ ಶುರುವಾದ ಸೀನು, ಒಂದೇ ಹೊಳ್ಳೆಯಿಂದ ಸಿಂಬಳ ಅಥವಾ ರಕ್ತ.

ಬಾಯಿ, ಗಂಟಲು: ಪದೇ ಪದೇ ನುಂಗೋದು, ಓಕರಿಸೋದು, ಊಟ ಬೇಡ ಅನ್ನೋದು, ಹೊಸದಾಗಿ ಬಾಯಿವಾಸನೆ.

ಕಂಕುಳು, ತೊಡೆಸಂದು, ಜನನಾಂಗ, ಬಾಲದ ಬುಡ: ಮೆತ್ತಗಿನ ಚರ್ಮ, ಬೇಗ ಹೊಕ್ಕುತ್ತೆ. ಅಲ್ಲೇ ನೆಕ್ಕುತ್ತಿದ್ದರೆ ಕೂದಲು ಬಿಡಿಸಿ ನೋಡಿ.

ಇದ್ಯಾವುದೂ ಇಲ್ಲದೆ ಜ್ವರ, ಕೆಮ್ಮು, ಉಸಿರಾಟದ ಕಷ್ಟ, ತೂಕ ಇಳಿಯೋದು, ಬೆನ್ನು ಮುಟ್ಟಿದರೆ ನೋವು ಅಂತ ಆದರೆ ತಡಮಾಡಲೇಬೇಡಿ. ಎಲ್ಲಕ್ಕೂ ಹುಲ್ಲೇ ಕಾರಣ ಅಂತಲ್ಲ. ಕಿವಿ ಕೊಡವೋಕೆ ಉಣ್ಣಿ, ಸೋಂಕು, ಅಲರ್ಜಿ ಕೂಡ ಕಾರಣ ಇರಬಹುದು. ಆದರೆ ಡಾಕ್ಟರಿಗೆ ನೀವಾಗಿ ಒಂದು ಮಾತು ಹೇಳಿ: "ಇದು ಹುಲ್ಲಿನ ಬೀಜ ಇರಬಹುದಾ? ಇಂಥ ದಿನ ಇಂಥ ಜಾಗದಲ್ಲಿ ಒಣಹುಲ್ಲಲ್ಲಿ ಓಡಾಡಿತ್ತು." ಔಷಧಿ ಕೊಟ್ಟಾಗ ಇಳಿದು, ನಿಲ್ಲಿಸಿದಾಗ ಮರಳಿ ಬರುವ ಗುಳ್ಳೆ ಇದ್ದರೆ ಈ ಮಾತು ಹೇಳಲೇಬೇಕು. ಗುಳ್ಳೆ ಎದ್ದ ತಾರೀಖು, ಯಾವ ಕಾಲು, ಯಾವ ಬೆರಳು ಅಂತ ಫೋನಿನಲ್ಲಿ ಫೋಟೊ ಇಟ್ಟಿದ್ದರೆ ಡಾಕ್ಟರಿಗೆ ಬೀಜ ಯಾವ ಕಡೆ ಸರಿದಿದೆ ಅಂತ ಅಂದಾಜು ಸಿಗುತ್ತೆ.

ವಾಕ್ ಮುಗಿದ ಮೇಲೆ ಐದು ನಿಮಿಷ

ಮನೆ ಬಾಗಿಲ ಹೊರಗೇ, ಬೆಳಕಿರುವ ಕಡೆ, ಬೆಲ್ಟ್ ಬಿಚ್ಚೋಕೆ ಮುಂಚೆ ಮಾಡಿಬಿಡಿ. ಒಂದೇ ಕ್ರಮ ಇಟ್ಟುಕೊಂಡರೆ ಯಾವುದೂ ಮರೆಯಲ್ಲ. ನಾನು ಮೂಗಿನಿಂದ ಶುರು ಮಾಡಿ ಬಾಲಕ್ಕೆ ಮುಗಿಸ್ತೀನಿ. ಮೂಗಿನ ಸುತ್ತ, ತುಟಿಯ ಮಡಿಕೆ, ಕಣ್ಣಿನ ಮೂಲೆ. ಕಿವಿಯ ಒಳಮಡಿಕೆ, ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಕಾಲರ್ ಅಡಿ. ಎರಡೂ ಕಂಕುಳು, ಹೊಟ್ಟೆ, ತೊಡೆಸಂದು. ಆಮೇಲೆ ನಾಲ್ಕೂ ಪಾದ: ಮೇಲಿನಿಂದ, ಕೆಳಗಿನಿಂದ, ಪ್ರತಿ ಬೆರಳನ್ನೂ ಬಿಡಿಸಿ. ಕೊನೆಗೆ ಬಾಲದ ಬುಡ. ಕಣ್ಣಿಗಿಂತ ಬೆರಳ ತುದಿ ಚೆನ್ನಾಗಿ ಕಂಡುಹಿಡಿಯುತ್ತೆ, ಹಾಗಾಗಿ ಸವರುತ್ತಾ ಹೋಗಿ. ಉದ್ದ ಕೂದಲಿದ್ದರೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಒಮ್ಮೆ ಬಾಚಿ. ಸಿಕ್ಕ ಬೀಜವನ್ನು ಕಸದ ಬುಟ್ಟಿಗೆ ಹಾಕಿ, ಬಾಲ್ಕನಿಯ ಕುಂಡಕ್ಕಲ್ಲ.

ಅಕ್ಟೋಬರ್ ಬರೋಕೆ ಮುಂಚೆ ಗ್ರೂಮರ್ ಹತ್ತಿರ ಹೋಗಿ ಬೆರಳ ನಡುವಿನ ಕುಚ್ಚು, ಕಿವಿಯ ಸುತ್ತಲಿನ ಕೂದಲು, ಹೊಟ್ಟೆ ಅಡಿಯ ಕೂದಲನ್ನು ಚಿಕ್ಕದು ಮಾಡಿಸಿ. ಇಡೀ ಮೈ ಬೋಳಿಸೋದು ಬೇಡ. ಬೂಟು ಹಾಕಿದರೆ ಒಪ್ಪೋ ನಾಯಿಗೆ ಬೂಟು ಒಳ್ಳೆಯದೇ, ಆದರೆ ಬಿಚ್ಚಿದ ಮೇಲೆ ಒಳಗೂ ನೋಡಿ. ವಾಕ್‌ನಲ್ಲಿ ಕಾಲುದಾರಿಯ ನಡುವೆ ನಡೆಸಿ, ಈ ನಾಲ್ಕು ತಿಂಗಳು ಎತ್ತರದ ಒಣಹುಲ್ಲಿನಲ್ಲಿ ಬೆಲ್ಟ್ ಬಿಚ್ಚಿ ಬಿಡಬೇಡಿ, ಚೆಂಡನ್ನು ಅದರೊಳಗೆ ಎಸೆಯಬೇಡಿ.

ಆಫೀಸಿನ ಗಡಿಬಿಡಿಯಲ್ಲಿ ನಮ್ಮಲ್ಲಿ ಬಹಳ ಜನ ವಾಕ್ ಮಾಡಿಸೋಕೆ ಹುಡುಗರನ್ನು ಇಟ್ಟುಕೊಂಡಿದ್ದೇವೆ. ಅವರು ಒಟ್ಟಿಗೆ ನಾಲ್ಕು ನಾಯಿ ಹಿಡ್ಕೊಂಡು ಹೋಗ್ತಾರೆ, ಖಾಲಿ ಸೈಟೇ ಅವರಿಗೆ ಅನುಕೂಲ. ಬೈದು ಪ್ರಯೋಜನ ಇಲ್ಲ. ಬೀಜದ ಫೋಟೊ ತೋರಿಸಿ, ಯಾವ ರಸ್ತೆಯಲ್ಲಿ ಹೋಗಬೇಕು ಅಂತ ಹೇಳಿ. ಮೈ ನೋಡುವ ಐದು ನಿಮಿಷ ಮಾತ್ರ ನಿಮ್ಮ ಕೆಲಸವಾಗಿಯೇ ಇರಲಿ.

ಬೀಜ ಸಿಕ್ಕರೆ?

ಕೂದಲಿಗೆ ಅಂಟಿದ್ದರೆ ಕೈಯಲ್ಲೇ ತೆಗೆಯಿರಿ. ಚರ್ಮಕ್ಕೆ ಚುಚ್ಚಿಕೊಂಡು ಹಿಂಬದಿ ಹೊರಗೆ ಕಾಣುತ್ತಿದ್ದರೆ, ಟ್ವೀಜರ್‌ನಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಅದು ಹೋದ ದಿಕ್ಕಿಗೆ ನೇರ ಎದುರಾಗಿ, ನಿಧಾನಕ್ಕೆ ಎಳೆಯಿರಿ. ತಿರುಚಬೇಡಿ, ತುಂಡಾಗುತ್ತೆ. ಪೂರ್ತಿ ಬಂತಾ ಅಂತ ನೋಡಿ, ಉಗುರುಬೆಚ್ಚಗಿನ ಉಪ್ಪುನೀರಿನಿಂದ ತೊಳೆದು, ಎರಡು ಮೂರು ದಿನ ಗಮನಿಸಿ. ಊತ ಬಂದರೆ ವೆಟ್.

ಒಳಗೆ ಹೋಗಿಬಿಟ್ಟಿದ್ದರೆ ಸೂಜಿ, ಪಿನ್ನು ಹಿಡಿದು ಅಗೆಯಬೇಡಿ. ಕಣ್ಣು, ಕಿವಿ, ಮೂಗಿನ ಒಳಗೆ ಮನೆಯಲ್ಲಿ ಕೈ ಹಾಕಲೇಬೇಡಿ. ಬಡ್ಸ್ ಹಾಕಿದರೆ ಬೀಜ ಇನ್ನೂ ಒಳಕ್ಕೆ ಹೋಗುತ್ತೆ. ಹಳೆಯ ಕಿವಿ ಔಷಧಿ, ಕಣ್ಣಿನ ಔಷಧಿ ಮನೆಯಲ್ಲಿ ಇದೆ ಅಂತ ಬಿಡಬೇಡಿ. ಕಿವಿತಮಟೆ ತೂತಾಗಿದ್ದರೆ ಕೆಲವು ಔಷಧಿ ಕಿವಿಯನ್ನೇ ಹಾಳುಮಾಡುತ್ತವೆ, ಕಣ್ಣಲ್ಲಿ ಹುಣ್ಣಿದ್ದರೆ ಸ್ಟೀರಾಯ್ಡ್ ಹನಿ ಅಪಾಯ. ಅರಿಶಿನ ಹಚ್ಚಿದರೆ ಬೀಜ ಹೊರಗೆ ಬರಲ್ಲ. ನೋವು ಅಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೊಡಬೇಡಿ. ಅವು ನಾಯಿಗೆ ವಿಷವಾಗಬಹುದು. ವೆಟ್ ಹತ್ತಿರ ಹೋಗುವ ತನಕ ಕತ್ತಿಗೆ ಕೋನ್ ಹಾಕಿ, ನೆಕ್ಕೋದು ಉಜ್ಜೋದು ನಿಲ್ಲಿಸಿ. ಅಷ್ಟು ಮಾಡಿದರೆ ಸಾಕು.

"ಮಂಪರು ಕೊಡ್ತಾರಂತೆ, ಭಯ" ಅಂತ ಮುಂದೂಡುವವರೂ ಇದ್ದಾರೆ. ನೋವಿರುವ ಕಿವಿಯೊಳಗೆ ಉಪಕರಣ ಹಾಕಿದಾಗ ನಾಯಿ ಒಮ್ಮೆ ತಲೆ ಒದರಿದರೂ ಪೆಟ್ಟಾಗುತ್ತೆ. ಮಂಪರು ಕೊಡೋದು ಅದಕ್ಕೇ. ವಯಸ್ಸಾದ ನಾಯಿಯಾದರೆ ಮೊದಲು ರಕ್ತಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ದೊಡ್ಡ ತಪಾಸಣೆ ಬೇಕಾದಾಗ ಖಾಸಗಿ ಆಸ್ಪತ್ರೆಗಳ ಜೊತೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ ಅನ್ನೋದನ್ನು ಬೆಂಗಳೂರಿನವರು ಮರೆಯಬೇಡಿ.

ಅಂಗಳ, ಅಪಾರ್ಟ್‌ಮೆಂಟು, ಪಕ್ಕದ ಸೈಟು

ಸ್ವಂತ ಅಂಗಳ ಇದ್ದರೆ ಸುಲಭ. ತೆನೆ ಬಿಡೋಕೆ ಮುಂಚೆ ಕತ್ತರಿಸಿ, ಬೇಲಿ ಪಕ್ಕ, ನೀರಿನ ಟ್ಯಾಂಕಿನ ಹಿಂದೆ ಬೆಳೆದಿದ್ದನ್ನು ಬುಡಸಮೇತ ಕೀಳಿ. ಒಣಗಿದ ಮೇಲೆ ಕತ್ತರಿಸಿದರೆ ಬೀಜ ಅಂಗಳದ ತುಂಬ ಚೆಲ್ಲುತ್ತೆ, ಗುಡಿಸಿ ತೆಗೆಯಲೇಬೇಕು.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಸೈಟಿನ ಯಜಮಾನರು ಬೇರೆ ಊರಲ್ಲಿದ್ದಾರೆ. ಸಿಂಬಾ ವಿಷಯ ಆದ ಮೇಲೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಮಾತು ಬಂತು. ಸೆಕ್ರೆಟರಿ ಅಂಕಲ್ ಕಳೆನಾಶಕ ಹೊಡೆಸೋಣ ಅಂದರು. ಇನ್ನೊಬ್ಬರು ಬೆಂಕಿ ಹಾಕಿಸಿದರೆ ಮುಗೀತು ಅಂದರು. ನಾನು ಎರಡೂ ಬೇಡ ಅಂದೆ. ಔಷಧಿ ಹೊಡೆದ ಹುಲ್ಲನ್ನು ನಮ್ಮ ನಾಯಿಗಳೂ ಬೀದಿನಾಯಿಗಳೂ ನೆಕ್ಕುತ್ತವೆ, ಹಸುಗಳೂ ಮೇಯುತ್ತವೆ. ಜೊತೆಗೆ ಸತ್ತು ಒಣಗಿದ ಹುಲ್ಲಿನಲ್ಲೂ ಬೀಜ ಹಾಗೇ ಇರುತ್ತೆ. ಬೆಂಕಿಯ ಹೊಗೆ ನಾಲ್ಕನೇ ಮಹಡಿಯ ಉಬ್ಬಸದ ಅಜ್ಜಿಗೆ. ವಾದ ಸ್ವಲ್ಪ ಜೋರಾಗಿಯೇ ನಡೀತು. "ನಾಯಿ ಸಾಕೋರು ನೀವು, ಖರ್ಚು ನಾವ್ಯಾಕೆ ಕೊಡಬೇಕಮ್ಮ?" ಅನ್ನೋ ಮಾತೂ ಬಂತು. ನ್ಯಾಯವಾದ ಪ್ರಶ್ನೆಯೇ. ನಾಯಿ ಸಾಕಿದ ಒಂಬತ್ತು ಮನೆಯವರು ಹಂಚಿಕೊಳ್ಳೋದು ಅಂತ ಆಯ್ತು.

ಈ ವರ್ಷ ಸೆಪ್ಟೆಂಬರ್‌ನಲ್ಲಿ ಯಜಮಾನರ ಒಪ್ಪಿಗೆ ಫೋನಿನಲ್ಲಿ ಪಡೆದು, ತೆನೆ ಇನ್ನೂ ಹಸಿರಿದ್ದಾಗ ಮಾಲಿಯಿಂದ ಕೊಯ್ಯಿಸಿದೆವು. ಹಿಂದಿನ ಬೀದಿಯಲ್ಲಿ ಹಸು ಸಾಕಿರುವವರು ಹುಲ್ಲನ್ನೆಲ್ಲ ತುಂಬಿಕೊಂಡು ಹೋದರು. ಊಬು ಬಲಿಯೋಕೆ ಮುಂಚೆ ಅದು ಒಳ್ಳೆ ಮೇವು ಅಂತ ಅಮ್ಮ ಹೇಳಿದ್ದರಲ್ಲ, ಆ ಮಾತೇ ದಾರಿ ತೋರಿಸಿತು. ಮಳೆ ಬಂದರೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಕೊಯ್ಯಿಸಬೇಕಾಗುತ್ತೆ. ನಿಮ್ಮ ಲೇಔಟ್‌ನಲ್ಲೂ ಹೀಗೆ ಮಾಡಬಹುದು.

ಒಂದು ಮಾತು ಮಾತ್ರ ನೆನಪಿರಲಿ. ಹೆಸರಘಟ್ಟದಂಥ ಹುಲ್ಲುಗಾವಲು, ಗುಡ್ಡ, ಕುರುಚಲು ಕಾಡುಗಳಲ್ಲಿ ಈ ಹುಲ್ಲು ಇರಲೇಬೇಕು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಅದೇ ಮನೆ. ಅಲ್ಲಿಂದ ಹುಲ್ಲನ್ನು ತೆಗೆಯೋದಲ್ಲ, ನಮ್ಮ ನಾಯಿಯನ್ನು ದೂರ ಇಡೋದು ಸರಿಯಾದ ದಾರಿ. ಹಕ್ಕಿಗೂ ಒಳ್ಳೆಯದು, ನಾಯಿಗೂ ಒಳ್ಳೆಯದು.

ಬೀದಿನಾಯಿಗಳಿಗೆ ಊಟ ಹಾಕುವ ಗೆಳೆಯರಿಗೂ ಒಂದು ವಿನಂತಿ. ಅವುಗಳ ಮೈ ನೋಡುವವರು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಊಟ ಹಾಕುವಾಗ ಯಾವುದು ಕುಂಟುತ್ತಿದೆ, ಯಾವುದು ತಲೆ ಓರೆ ಮಾಡಿದೆ, ಯಾವುದರ ಕಣ್ಣು ಮುಚ್ಚಿದೆ ಅಂತ ಒಮ್ಮೆ ಕಣ್ಣಾಡಿಸಿ. ಮೈ ಮುಟ್ಟಿಸಿಕೊಳ್ಳದ ನಾಯಿಯನ್ನು ನೀವೇ ಹಿಡಿಯೋಕೆ ಹೋಗಬೇಡಿ. ಪರಿಚಯದ ವೆಟ್‌ಗೋ, ನಿಮ್ಮ ಭಾಗದ ಪ್ರಾಣಿ ರಕ್ಷಣಾ ತಂಡಕ್ಕೋ ಫೋಟೊ ಕಳಿಸಿ.

ಇವತ್ತು ಸಂಜೆಯಿಂದಲೇ ಶುರು ಮಾಡಿ. ಮೊದಲ ಎರಡು ದಿನ ನಾಯಿ ಪಾದ ಎಳ್ಕೊಳ್ಳುತ್ತೆ, ಮೂರನೇ ದಿನ ಒಂದು ಬಿಸ್ಕತ್ತಿನ ಆಸೆಗೆ ತಾನೇ ಕಾಲು ಚಾಚುತ್ತೆ. ನಿಮ್ಮ ಬಡಾವಣೆಯಲ್ಲಿ ಯಾವ ಹುಲ್ಲು ಕಾಡುತ್ತಿದೆ, ಊರ ಕಡೆ ಅದನ್ನು ಏನಂತ ಕರೀತಾರೆ ಅಂತ ಬರೆದು ಕಳಿಸಿ. ನಿಮ್ಮಮ್ಮನನ್ನೋ ಅಜ್ಜಿಯನ್ನೋ ಕೇಳಿದರೆ ಗೊತ್ತಿರುತ್ತೆ. ಮುಂದಿನ ಸಲ ಇಲ್ಲಿ, ಚಳಿಗಾಲದಲ್ಲಿ ವಯಸ್ಸಾದ ನಾಯಿಯ ಕೀಲುನೋವಿನ ಬಗ್ಗೆ ಮಾತಾಡೋಣ.